ಅತ್ತೆಯ ಮದುವೆಗೆ ಶಾಲೆ ತಪ್ಪಿಸಿದರೆ ದಂಡವೇ?

ಪ್ರಶ್ನೆ: ಮಗ, ಸೊಸೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದಾರೆ. ಮೊಮ್ಮಗನಿಗೆ ಒಂಬತ್ತು ವರ್ಷ, ಮೊಮ್ಮಗಳಿಗೆ ನಾಲ್ಕು. ಫೆಬ್ರವರಿಯಲ್ಲಿ ಮಗಳ ಮದುವೆಗೆ ಮುಹೂರ್ತ ನೋಡುತ್ತಿದ್ದೇವೆ. ಎರಡು ವಾರದ ಮಟ್ಟಿಗೆ ಬನ್ನಿ ಎಂದರೆ, ಶಾಲೆ ತಪ್ಪಿಸಿದರೆ ದಂಡ ಬೀಳುತ್ತದೆ ಎನ್ನುತ್ತಾನೆ ಮಗ. ಒಡಹುಟ್ಟಿದವಳ ಮದುವೆಗೆ ಬಂದರೂ ದಂಡವೇ, ಅಥವಾ ಇದು ನೆಪವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೆಪವಲ್ಲ, ಮಗನ ಮೇಲೆ ಮುನಿಸಿಕೊಳ್ಳಬೇಡಿ. ಶಾಲೆಗೆ ಸೇರಿಸಿದ ಮಗುವನ್ನು ಕ್ರಮವಾಗಿ ಕಳುಹಿಸದಿರುವುದು 1996ರ ಶಿಕ್ಷಣ ಕಾಯ್ದೆಯ ಪ್ರಕಾರ ಅಲ್ಲಿ ತಂದೆತಾಯಿಯ ಅಪರಾಧ. ಮೊದಲು ಮುಖ್ಯ ಶಿಕ್ಷಕರು ವರ್ಷಕ್ಕೆ ಹತ್ತು ದಿನದವರೆಗೆ ಪ್ರವಾಸದ ರಜೆ ಕೊಡಬಹುದಿತ್ತು. 2013ರ ಸೆಪ್ಟೆಂಬರ್‌ನಿಂದ ‘ಅಸಾಧಾರಣ ಸಂದರ್ಭ’ಕ್ಕೆ ಮಾತ್ರ ಎಂದು ನಿಯಮ ಬಿಗಿಯಾಯಿತು. ಇನ್ನು ‘ಕ್ರಮವಾಗಿ’ ಎಂದರೇನು ಎಂಬ ತಕರಾರು. ಐಲ್ ಆಫ್ ವೈಟ್ ದ್ವೀಪದ ತಂದೆಯೊಬ್ಬರು 2015ರಲ್ಲಿ ಮಗಳನ್ನು ಫ್ಲಾರಿಡಾ ಪ್ರವಾಸಕ್ಕೆ ಕರೆದೊಯ್ದು, ಅವಳ ಒಟ್ಟು ಹಾಜರಿ ಶೇ. 90ಕ್ಕಿಂತ ಹೆಚ್ಚಿದೆ ಎಂದು ವಾದಿಸಿ ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದರು. ಆದರೆ ಕ್ರಮವೆಂದರೆ ಶಾಲೆ ಹಾಕಿದ ನಿಯಮವೇ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತು, ಆ ಬಾಗಿಲನ್ನು ಮುಚ್ಚಿತು.

ಈಗಿನ ಲೆಕ್ಕ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂದದ್ದು. ಹತ್ತು ಶಾಲಾ ವಾರಗಳೊಳಗೆ ಹತ್ತು ಅರ್ಧ ದಿನ, ಅಂದರೆ ಪೂರ್ತಿ ಐದು ದಿನ, ಅನುಮತಿಯಿಲ್ಲದೆ ತಪ್ಪಿದರೆ ದಂಡದ ಮಾತು ಬರುತ್ತದೆ. ಅದು ಇಡೀ ಮನೆಗೆ ಒಂದಲ್ಲ. ಒಂದೊಂದು ಮಗುವಿಗೂ ತಂದೆಗೆ ಬೇರೆ, ತಾಯಿಗೆ ಬೇರೆ, ತಲಾ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಮೊಮ್ಮಗಳಿಗೆ ಐದು ತುಂಬಿ ಮುಂದಿನ ಟರ್ಮ್ ಶುರುವಾಗುವವರೆಗೆ ಈ ಕಾನೂನು ತಾಗುವುದಿಲ್ಲ. ಅಲ್ಲಿಯವರೆಗೆ ಲೆಕ್ಕ ಮೊಮ್ಮಗನೊಬ್ಬನದೇ. ರಜೆಯ ದಿನಗಳಲ್ಲಿ ಏರುವ ವಿಮಾನದ ದರಕ್ಕಿಂತ ಇದೇ ಅಗ್ಗವೆಂದು ದಂಡವನ್ನು ಟಿಕೆಟ್ಟಿನ ಖರ್ಚಿಗೇ ಸೇರಿಸಿಕೊಳ್ಳುವವರೂ ಇದ್ದಾರೆ. ನಾನು ಆ ಸಲಹೆ ಕೊಡಲಾರೆ, ಏಕೆಂದರೆ ಮೂರು ವರ್ಷದೊಳಗೆ ಎರಡನೆಯ ಸಲ ನೇರವಾಗಿ 160 ಪೌಂಡ್, ಮೂರನೆಯ ಸಲ ನೋಟಿಸೇ ಇಲ್ಲದೆ ನ್ಯಾಯಾಲಯದ ಮೆಟ್ಟಿಲು. ಅಲ್ಲಿ 2,500 ಪೌಂಡ್‌ವರೆಗೂ ಹೋಗಬಹುದು.

ಮದುವೆ ಅಸಾಧಾರಣ ಸಂದರ್ಭವೇ ಎಂಬುದು ಮುಖ್ಯ ಶಿಕ್ಷಕರ ವಿವೇಚನೆ. ಮಗ ಹೊರಡುವ ಮೊದಲೇ ಲಗ್ನಪತ್ರಿಕೆಯನ್ನು ಲಗತ್ತಿಸಿ, ಹುಡುಗನಿಗೆ ಸ್ವಂತ ಅತ್ತೆಯ ಮದುವೆಯೆಂದು ಬರೆದು ಕೇಳಲಿ. ಹೋಗಿ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಒಂದೆರಡು ದಿನ ಸಿಕ್ಕರೂ ಸಿಗಬಹುದು, ಎರಡು ವಾರದ ಆಸೆ ಬೇಡ. ಜ್ವರವೆಂದು ಹೇಳಿಸುವ ಯೋಚನೆ ಖಂಡಿತ ಬೇಡ. ಒಂಬತ್ತು ವರ್ಷದ ಹುಡುಗ ಓಲಗದ ಕಥೆಯನ್ನು ತರಗತಿಯಲ್ಲಿ ಹೇಳದೆ ಬಿಟ್ಟಾನೆಯೇ?

ಅವರ ದೊಡ್ಡ ರಜೆ ಆರಂಭವಾಗುವುದು ಜುಲೈ ಕೊನೆಗೆ, ನಮ್ಮ ಆಷಾಢದ ಆಸುಪಾಸಿನಲ್ಲಿ, ಹಾಗಾಗಿ ಮದುವೆಗೆ ಅದು ಅಷ್ಟಾಗಿ ಒದಗುವುದಿಲ್ಲ. ಆದರೆ ಫೆಬ್ರವರಿ ನಡುವಿನಲ್ಲಿ ಹಾಫ್ ಟರ್ಮ್ ಎಂಬ ಒಂದು ವಾರದ ಬಿಡುವಿದೆ. ಹಿಂದಿನ ಶುಕ್ರವಾರ ಶಾಲೆ ಬಿಟ್ಟೊಡನೆ ಹೊರಟರೆ ಎರಡು ವಾರಾಂತ್ಯ ಸೇರಿ ಒಂಬತ್ತು ದಿನ ಕೈಗೆ ಬರುತ್ತವೆ. ಆ ವಾರ ಎಲ್ಲ ಊರಿಗೂ ಒಂದೇ ಅಲ್ಲವಾದ್ದರಿಂದ, ಪುರೋಹಿತರ ಮುಂದೆ ಪಂಚಾಂಗ ಬಿಚ್ಚಿಸುವ ಮೊದಲು ಮೊಮ್ಮಗನ ಶಾಲೆಯ ಕ್ಯಾಲೆಂಡರನ್ನೇ ತರಿಸಿಕೊಳ್ಳಿ.