ಹೊರಗಿನ ಗ್ರಾಫಿಕ್ಸ್ ಕಾರ್ಡ್, 4ಕೆ ಪರದೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರ: ಪ್ರತ್ಯೇಕ ಪೆಟ್ಟಿಗೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರಿಸಿ ಲ್ಯಾಪ್‌ಟಾಪಿಗೆ ಜೋಡಿಸಿದ್ದೇನೆ. ಪೆಟ್ಟಿಗೆಯ ಫ್ಯಾನ್ ತಿರುಗುತ್ತದೆ, ಆದರೆ ವಿಂಡೋಸ್‌ನಲ್ಲಿ ಕಾರ್ಡಿನ ಸುಳಿವೇ ಇಲ್ಲ. ಕಾರ್ಡ್ ಕೆಟ್ಟಿರಬಹುದೇ?

ಉ: ಫ್ಯಾನ್ ತಿರುಗಿದರೆ ಪೆಟ್ಟಿಗೆಗೆ ಕರೆಂಟ್ ಬಂದಿದೆ ಎಂದಷ್ಟೇ ಅರ್ಥ. ಕಾರ್ಡಿನ ಮೇಲೆ ಅನುಮಾನಪಡುವ ಮೊದಲು ಲ್ಯಾಪ್‌ಟಾಪಿನಿಂದ ಕಾರ್ಡಿನವರೆಗಿನ ದಾರಿಯನ್ನು ಪರೀಕ್ಷಿಸಿ. ತೊಂದರೆ ಹೆಚ್ಚಾಗಿ ಸಿಗುವುದು ಅಲ್ಲೇ.

ಮೊದಲು ಪೋರ್ಟ್. ಯುಎಸ್‌ಬಿ-ಸಿ ಎನ್ನುವುದು ಕಿಂಡಿಯ ಆಕಾರದ ಹೆಸರು ಮಾತ್ರ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕ (ಕಾರ್ಡ್ ಮತ್ತು ಪ್ರೊಸೆಸರಿನ ನಡುವೆ ಡೇಟಾ ಒಯ್ಯುವ ವೇಗದ ದಾರಿ) ಅದೇ ಆಕಾರದ ಥಂಡರ್‌ಬೋಲ್ಟ್ 3 ಅಥವಾ 4 ಪೋರ್ಟಿನಲ್ಲಿ ಸಿಗುತ್ತದೆ. ಬರೀ ಯುಎಸ್‌ಬಿ 3 ಪೋರ್ಟಿನಲ್ಲಿ ಸಿಗುವುದಿಲ್ಲ. ಯುಎಸ್‌ಬಿ4 ಇರುವ ಲ್ಯಾಪ್‌ಟಾಪುಗಳಲ್ಲೂ ಈ ಸೌಲಭ್ಯ ಕಡ್ಡಾಯವಲ್ಲ. ಪೋರ್ಟಿನ ಪಕ್ಕದ ಮಿಂಚಿನ ಗುರುತನ್ನೇ ನಂಬಬೇಡಿ, ಕೆಲವು ಕಂಪನಿಗಳು ಚಾರ್ಜಿಂಗಿಗೂ ಅಂಥದೇ ಚಿತ್ರ ಹಾಕುತ್ತವೆ. ನಿಮ್ಮ ಮಾಡೆಲ್ಲಿನ ತಾಂತ್ರಿಕ ವಿವರಗಳ ಪುಟವನ್ನು ನೋಡುವುದೇ ಖಚಿತ ದಾರಿ.

ಆಮೇಲೆ ಕೇಬಲ್. ಫೋನ್ ಚಾರ್ಜರಿನ ಕೇಬಲ್ ಇಲ್ಲಿ ಸರಿಯಾಗಿ ಕೂರುತ್ತದೆ, ಕೆಲಸ ಮಾತ್ರ ಮಾಡುವುದಿಲ್ಲ. ಪೆಟ್ಟಿಗೆಯ ಜೊತೆ ಬಂದ ಕೇಬಲ್ಲನ್ನೇ ಬಳಸಿ. ಥಂಡರ್‌ಬೋಲ್ಟ್ 3ರ ಸಾಮಾನ್ಯ ಕೇಬಲ್ ಸುಮಾರು ಅರ್ಧ ಮೀಟರ್ ದಾಟಿದರೆ 40 ಗಿಗಾಬಿಟ್ ವೇಗ 20ಕ್ಕೆ ಇಳಿಯುತ್ತದೆ. ಉದ್ದದ ಕೇಬಲ್ ಬೇಕೇ ಬೇಕೆಂದರೆ, ಸಿಗ್ನಲ್ ಬಲಪಡಿಸುವ ಚಿಪ್ ಇರುವ ಆಕ್ಟಿವ್ ಕೇಬಲ್ ಕೊಳ್ಳಿ.

ಪೆಟ್ಟಿಗೆ ಬಿಚ್ಚಿ ಕಾರ್ಡಿನ ಪವರ್ ಕನೆಕ್ಟರುಗಳನ್ನೂ ನೋಡಿ. ಸ್ಲಾಟಿನಿಂದ ಸಿಗುವುದು ಗರಿಷ್ಠ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡುಗಳಿಗೆ 6 ಪಿನ್ನಿನ ಕನೆಕ್ಟರ್ ಇನ್ನೂ 75, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಕಾರ್ಡಿನಲ್ಲಿರುವ ಅಷ್ಟೂ ಸಾಕೆಟ್ಟುಗಳಿಗೆ ವೈರ್ ಹೋಗಿರಬೇಕು. ಒಂದು ಖಾಲಿ ಬಿಟ್ಟರೂ ಕಾರ್ಡ್ ಕಾಣಿಸದಿರಬಹುದು. ಇಷ್ಟೆಲ್ಲ ಸರಿಯಿದ್ದರೆ ಥಂಡರ್‌ಬೋಲ್ಟ್ ಕಂಟ್ರೋಲ್ ಸೆಂಟರ್ ತೆರೆದು, ಹೊಸ ಸಾಧನ ಅನುಮತಿಗಾಗಿ ಕಾಯುತ್ತಿದೆಯೇ ನೋಡಿ, ‘ಯಾವಾಗಲೂ ಸಂಪರ್ಕಿಸು’ ಎಂಬುದನ್ನು ಆರಿಸಿ.

ಪ್ರ: ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡ್ ಕಾಣುತ್ತದೆ, ಆದರೆ ಹಳದಿ ಗುರುತು. ಒಮ್ಮೆ ಕೋಡ್ 12, ಇನ್ನೊಮ್ಮೆ ಕೋಡ್ 43 ಎನ್ನುತ್ತದೆ. ಎರಡೂ ಒಂದೇ ತೊಂದರೆಯೇ?

ಉ: ಅಲ್ಲ. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ.

ಕೋಡ್ 12 ಎಂದರೆ ಜಾಗದ ಕೊರತೆ. ಪ್ರತಿ ಗ್ರಾಫಿಕ್ಸ್ ಕಾರ್ಡೂ ತನಗಾಗಿ ದೊಡ್ಡದೊಂದು ಮೆಮೊರಿ ವಿಳಾಸದ ವ್ಯಾಪ್ತಿ ಕೇಳುತ್ತದೆ. ಒಳಗೇ ಎನ್‌ವಿಡಿಯಾ ಅಥವಾ ಎಎಂಡಿ ಕಾರ್ಡ್ ಇರುವ ಲ್ಯಾಪ್‌ಟಾಪಿನಲ್ಲಿ ಎರಡನೆಯದಕ್ಕೆ ಉಳಿದ ಜಾಗ ಸಾಲದೆ ಹೋಗಬಹುದು. ಮೊದಲು ಬಯಾಸ್ (ಲ್ಯಾಪ್‌ಟಾಪ್ ಆನ್ ಆದೊಡನೆ ವಿಂಡೋಸಿಗೂ ಮುಂಚೆ ನಡೆಯುವ ತಂತ್ರಾಂಶ) ಅಪ್‌ಡೇಟ್ ಮಾಡಿ. ದಯವಿಟ್ಟು ಅದಕ್ಕೂ ಮುಂಚೆ ಡಿಸ್ಕಿನ ಡೇಟಾಗೆ ಬೀಗ ಹಾಕಿಡುವ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ತಡೆಹಿಡಿದು, ಅದರ ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳಿ; ಕೀ ಇಲ್ಲದೆ ಡೇಟಾ ಕಳೆದುಕೊಂಡರೆ ಮರಳಿ ಪಡೆಯುವ ದಾರಿಯಿಲ್ಲ. ಬಯಾಸ್‌ನಲ್ಲಿ ‘4ಜಿಗಿಂತ ಮೇಲಿನ ಡಿಕೋಡಿಂಗ್’ ಎಂಬ ಆಯ್ಕೆಯಿದ್ದರೆ ಆನ್ ಮಾಡಿ. ನಂತರ ಡಿವೈಸ್ ಮ್ಯಾನೇಜರಿನಲ್ಲಿ ಒಳಗಿನ ಪ್ರತ್ಯೇಕ ಕಾರ್ಡನ್ನು ಡಿಸೇಬಲ್ ಮಾಡಿ. ಪ್ರೊಸೆಸರಿನಲ್ಲೇ ಇರುವ ಗ್ರಾಫಿಕ್ಸನ್ನು ಮುಟ್ಟಬೇಡಿ, ಲ್ಯಾಪ್‌ಟಾಪಿನ ಪರದೆ ಸಾಮಾನ್ಯವಾಗಿ ನಡೆಯುವುದು ಅದರಿಂದಲೇ. ಬೇಡದ ಕಾರ್ಡ್ ರೀಡರ್ ಇದ್ದರೆ ಅದನ್ನೂ ಡಿಸೇಬಲ್ ಮಾಡಿ ನೋಡಬಹುದು.

ಈಗ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಹಾಗೆ ಮಾಡದಿದ್ದರೆ ಫಾಸ್ಟ್ ಸ್ಟಾರ್ಟ್‌ಅಪ್ ಹಳೆಯ ಸ್ಥಿತಿಯನ್ನೇ ಉಳಿಸಿಕೊಂಡಿರುತ್ತದೆ. ಒಮ್ಮೆ ಪೆಟ್ಟಿಗೆ ಜೋಡಿಸಿಯೇ ಲ್ಯಾಪ್‌ಟಾಪ್ ಆನ್ ಮಾಡಿ, ಇನ್ನೊಮ್ಮೆ ವಿಂಡೋಸ್ ಪೂರ್ತಿ ತೆರೆದ ಮೇಲೆ ಜೋಡಿಸಿ. ಒಂದರಲ್ಲಿ ಜಾಗ ಹಂಚುವುದು ಬಯಾಸ್, ಇನ್ನೊಂದರಲ್ಲಿ ವಿಂಡೋಸ್. ಹಾಗಾಗಿ ಫಲಿತಾಂಶ ಬೇರೆಯಾಗಬಹುದು.

ಕೋಡ್ 43ರಲ್ಲಿ ‘ಸಾಧನದಲ್ಲಿ ತೊಂದರೆಯಿದೆ’ ಎಂದು ಡ್ರೈವರೇ (ಕಾರ್ಡನ್ನು ನಡೆಸುವ ತಂತ್ರಾಂಶ) ವಿಂಡೋಸಿಗೆ ತಿಳಿಸಿರುತ್ತದೆ. ಅರೆಬರೆ ಉಳಿದ ಹಳೆಯ ಡ್ರೈವರ್ ಇದಕ್ಕೆ ದೊಡ್ಡ ಕಾರಣ. ಹೊಸ ಡ್ರೈವರನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟು ಇಂಟರ್‌ನೆಟ್ ಸಂಪರ್ಕ ಕಡಿದುಬಿಡಿ, ಇಲ್ಲದಿದ್ದರೆ ವಿಂಡೋಸ್ ತಾನಾಗಿ ಬೇರೊಂದನ್ನು ತಂದು ಹಾಕುತ್ತದೆ. ಸೇಫ್ ಮೋಡಿನಲ್ಲಿ ಹಳೆಯ ಡ್ರೈವರನ್ನು ಪೂರ್ತಿ ಅಳಿಸುವ ‘ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್’ ಎಂಬ ತಂತ್ರಾಂಶ ನಡೆಸಿ, ಮರಳಿ ಬಂದು ಹೊಸದನ್ನು ಹಾಕಿ. ಆಮೇಲೂ 43 ಬಂದರೆ ಕಾರ್ಡನ್ನು ಡೆಸ್ಕ್‌ಟಾಪಿನಲ್ಲಿ ಹಾಕಿ ನೋಡಿ. ಕಾರ್ಡೇ ಕೆಟ್ಟಿದೆಯೇ ಎಂದು ಕೇಳಬೇಕಾದದ್ದು ಈ ಹಂತದಲ್ಲಿ.

ಪ್ರ: ಕಾರ್ಡ್ ಕೆಲಸ ಮಾಡುತ್ತಿದೆ, ಆದರೆ ಗೇಮ್‌ಗಳಲ್ಲಿ ನಿರೀಕ್ಷಿಸಿದ ವೇಗವಿಲ್ಲ. ಲ್ಯಾಪ್‌ಟಾಪಿನ ಪರದೆಯಲ್ಲೇ ಆಡುತ್ತೇನೆ.

ಉ: ಕಾರಣ ನಿಮ್ಮ ಕೊನೆಯ ವಾಕ್ಯದಲ್ಲೇ ಇದೆ. ಹೊರಗೆ ತಯಾರಾದ ಚಿತ್ರ ಅದೇ ಕೇಬಲ್ಲಿನಲ್ಲಿ ಹಿಂದಕ್ಕೆ ಬಂದು ನಿಮ್ಮ ಪರದೆ ಸೇರಬೇಕು. ಸೆಕೆಂಡಿಗೆ 60 ಚಿತ್ರಗಳಂತೆ, ಫುಲ್ ಎಚ್‌ಡಿಗೆ ಸುಮಾರು 3 ಗಿಗಾಬಿಟ್, 4ಕೆ ಆದರೆ ಸುಮಾರು 12. ಮಾನಿಟರನ್ನು ನೇರವಾಗಿ ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಜೋಡಿಸಿ. ಆಗಲೂ ಅದೇ ಕಾರ್ಡ್ ಡೆಸ್ಕ್‌ಟಾಪಿನಲ್ಲಿ ಕೊಡುವಷ್ಟು ವೇಗ ಸಿಗದು: ಅಲ್ಲಿ ಕಾರ್ಡಿಗೆ ಸಾಮಾನ್ಯವಾಗಿ 16 ಲೇನ್ (ಡೇಟಾ ಹರಿಯುವ ಪಥ), ಥಂಡರ್‌ಬೋಲ್ಟ್ 3ರಲ್ಲಿ ಹೆಚ್ಚೆಂದರೆ 4.

ಪ್ರ: ಆಪಲ್‌ನ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಬುಕ್ಕಿಗೆ ಇಂಥ ಪೆಟ್ಟಿಗೆ ಜೋಡಿಸಿ ಪರದೆ ನಡೆಸಬಹುದೇ?

ಉ: ಇಲ್ಲ, ಕೊಳ್ಳಬೇಡಿ. ಮ್ಯಾಕ್‌ಓಎಸ್‌ನಲ್ಲಿ ಆಪಲ್ ಈ ಬೆಂಬಲ ಕೊಟ್ಟದ್ದು ಥಂಡರ್‌ಬೋಲ್ಟ್ 3 ಇರುವ ಇಂಟೆಲ್ ಮ್ಯಾಕ್‌ಗಳಿಗೆ, ಅದೂ ಎಎಂಡಿ ಕಾರ್ಡುಗಳಿಗೆ.

ಪ್ರ: ಯುಎಸ್‌ಬಿ-ಸಿ ಡಾಕ್ (ಒಂದೇ ಕೇಬಲ್ಲಿನಿಂದ ಹಲವು ಪೋರ್ಟ್ ಕೊಡುವ ಪೆಟ್ಟಿಗೆ) ಮೂಲಕ 4ಕೆ ಮಾನಿಟರ್ ಹಾಕಿದರೆ 30 ಹರ್ಟ್ಸ್, ಅಂದರೆ ಸೆಕೆಂಡಿಗೆ 30 ಚಿತ್ರ ಮಾತ್ರ ಸಿಗುತ್ತದೆ. ಮೌಸ್ ತಡವರಿಸುತ್ತದೆ.

ಉ: ಯುಎಸ್‌ಬಿ-ಸಿಯಲ್ಲಿ ವೇಗದ ಲೇನ್‌ಗಳು ನಾಲ್ಕು. ಸಾಮಾನ್ಯ ಡಾಕ್ ಎರಡನ್ನು ಯುಎಸ್‌ಬಿ 3ಕ್ಕೆ ಕೊಟ್ಟು, ಎರಡನ್ನಷ್ಟೇ ಚಿತ್ರಕ್ಕೆ ಬಿಡುತ್ತದೆ. ಮಾನಿಟರಿಗೆ ಚಿತ್ರ ಒಯ್ಯುವ ಡಿಸ್‌ಪ್ಲೇಪೋರ್ಟ್ ಸಂಪರ್ಕದ 1.2 ಆವೃತ್ತಿಯ ವೇಗದಲ್ಲಿ ಎರಡು ಲೇನ್ ಒಯ್ಯುವುದು 8.64 ಗಿಗಾಬಿಟ್. 4ಕೆ 60 ಹರ್ಟ್ಸಿಗೆ ಬೇಕಾದದ್ದು, ಚಿತ್ರಗಳ ನಡುವಿನ ಬಿಡುವೂ ಸೇರಿ, ಸುಮಾರು 12.5. ಲ್ಯಾಪ್‌ಟಾಪ್, ಡಾಕ್ ಎರಡೂ ಡಿಸ್‌ಪ್ಲೇಪೋರ್ಟ್ 1.4ರವಾದರೆ ಎರಡೇ ಲೇನಿನಲ್ಲಿ 12.96 ಹೋಗುತ್ತದೆ, ಅಷ್ಟು ಸಾಕು. ನಿಮ್ಮ ಡಾಕ್ ಹಳೆಯದಾದರೆ ಮಾನಿಟರಿಗೆ ಯುಎಸ್‌ಬಿ-ಸಿಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗುವ ನೇರ ಕೇಬಲ್ ಹಾಕಿ, ನಾಲ್ಕೂ ಲೇನ್ ಚಿತ್ರಕ್ಕೇ ಸಿಗುತ್ತವೆ.

ಡಾಕಿನಿಂದ ಮಾನಿಟರಿಗೆ ಎಚ್‌ಡಿಎಂಐ ಹೋಗಿದ್ದರೆ ಆ ಪೋರ್ಟ್ 1.4ರದ್ದೇ ನೋಡಿ. ಅದರ ಮಿತಿಯೇ 4ಕೆಗೆ 30 ಹರ್ಟ್ಸ್. ಕೆಲವು ಮಾನಿಟರುಗಳ ಮೆನುವಿನಲ್ಲಿ ಡಿಸ್‌ಪ್ಲೇಪೋರ್ಟ್ ಆವೃತ್ತಿ 1.1ಕ್ಕೆ ನಿಂತಿರುತ್ತದೆ, ಅದನ್ನು 1.2 ಅಥವಾ ಮೇಲಕ್ಕೆ ಬದಲಿಸಿ. ಕೊನೆಗೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ 60 ಹರ್ಟ್ಸ್ ಆರಿಸಿ. ಕೇಬಲ್ ಬದಲಿಸಿದರೂ ವಿಂಡೋಸ್ ಹಳೆಯ 30ರಲ್ಲೇ ಉಳಿದಿರಬಹುದು.