ಜೆಫ್ ಡ್ಯೂಕ್ ಲೇಖನ: ಬಿರುದು ಕಡಿಮೆ ಮಾಡಿ, ಗಾಡಿಯ ಬಗ್ಗೆ ಬರೆಯಿರಿ

ಬ್ರಿಟಿಷ್ ಮೋಟರ್‌ಸೈಕಲ್ ರೇಸರ್ ಜೆಫ್ ಡ್ಯೂಕ್ ಕುರಿತು ನೀವು ಕಳಿಸಿದ ಲೇಖನವನ್ನು ಈಗಿರುವಂತೆ ಪ್ರಕಟಿಸಲಾಗದು. ತಿದ್ದಿದರೆ ಖಂಡಿತ ಓದುತ್ತೇವೆ. ‘ವೇಗದ ದೊರೆ’, ‘ಸಾವಿನೊಡನೆ ಸರಸ’ ಮೊದಲ ಪುಟದಲ್ಲೇ ತುಂಬಿಕೊಂಡಿವೆ. ಅವನು ಓಡಿಸಿದ ಗಾಡಿ ಯಾವುದೆಂದು ತಿಳಿಯಲು ಮೂರನೇ ಪುಟದವರೆಗೆ ಕಾಯಬೇಕು.

1950ರ 500 ಸಿಸಿ ವಿಶ್ವ ಪ್ರಶಸ್ತಿ ‘ದುರದೃಷ್ಟದಿಂದ ಕೈತಪ್ಪಿತು’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಲೇಖನದ ಜೀವ ಅಲ್ಲೇ ಇದೆ. ಆ ವರ್ಷ ಡ್ಯೂಕ್ ಮೂರು ರೇಸು ಗೆದ್ದ, ಇಟಲಿಯ ಉಂಬೆರ್ಟೊ ಮಸೆಟ್ಟಿ ಎರಡೇ. ಆದರೂ ಡ್ಯೂಕ್‌ಗೆ 27 ಅಂಕ, ಮಸೆಟ್ಟಿಗೆ 28. ಬೆಲ್ಜಿಯಂ, ಹಾಲೆಂಡ್ ಎರಡರಲ್ಲೂ ಡ್ಯೂಕ್‌ನ ಬ್ರಿಟಿಷ್ ಗಾಡಿ ನಾರ್ಟನ್‌ನ ಟೈರಿನ ಮೇಲ್ಪದರ ಕಿತ್ತುಬಂತು. ಎರಡನ್ನೂ ಮಸೆಟ್ಟಿ ಗೆದ್ದ. ಗೆದ್ದರೆ 8 ಅಂಕ, ಎರಡನೇ ಸ್ಥಾನಕ್ಕೆ 6, ಮೂರಕ್ಕೆ 4, ನಾಲ್ಕಕ್ಕೆ 3 ಎಂಬ ಲೆಕ್ಕವನ್ನು ಮೊದಲೇ ಹೇಳಿ. ಆಗ ಓದುಗರೇ ಕೂಡಿಸಿ ನೋಡುತ್ತಾರೆ.

ಅಲ್ಲಿಂದ ನಾರ್ಟನ್‌ನ ಫ್ರೇಮಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಬನ್ನಿ. ಬೆಲ್‌ಫಾಸ್ಟ್‌ನ ಮೆಕ್ಯಾಂಡ್ಲೆಸ್ ಸಹೋದರರು ರೂಪಿಸಿದ ‘ಫೆದರ್‌ಬೆಡ್’ನಲ್ಲಿ ಎರಡು ಕೊಳವೆ ಸುತ್ತುಗಳು ಹ್ಯಾಂಡಲ್ ತಲೆಯ ಬಳಿ ಒಂದನ್ನೊಂದು ದಾಟುತ್ತವೆ, ಹಿಂಚಕ್ರಕ್ಕೆ ಮೇಲೆ ಕೆಳಗೆ ಆಡುವ ತೋಳು, ಅಂದರೆ ಸ್ವಿಂಗ್ ಆರ್ಮ್. ಒಂಟಿ ಸಿಲಿಂಡರಿನ ನಾರ್ಟನ್ ನೇರ ದಾರಿಯಲ್ಲಿ ಇಟಲಿಯ ನಾಲ್ಕು ಸಿಲಿಂಡರಿನ ಜಿಲೆರಾಗೆ ಸಾಟಿಯಲ್ಲ, ತಿರುವಿನಲ್ಲಿ ಆ ಕೊರತೆ ತುಂಬಿಕೊಳ್ಳುತ್ತಿತ್ತು. ಇದು ಅರ್ಥವಾದರೆ 1953ರಲ್ಲಿ ಅವನು ಜಿಲೆರಾ ಸೇರಿದ್ದನ್ನು ‘ತಾಯ್ನಾಡಿಗೆ ಬೆನ್ನು ತೋರಿಸಿದ’ ಎಂದು ಬರೆಯಲು ನಿಮಗೇ ಮನಸ್ಸು ಬಾರದು. ಜಿಲೆರಾ ಜೊತೆ 1953, 1954, 1955 ಸತತ ಮೂರು ಪ್ರಶಸ್ತಿ ಬಂದವು.

ಎರಡು ತಪ್ಪು ಕಡ್ಡಾಯವಾಗಿ ತಿದ್ದಬೇಕು. ಐಲ್ ಆಫ್ ಮ್ಯಾನ್ ದ್ವೀಪದ ರಸ್ತೆಗಳಲ್ಲಿ ನಡೆಯುವ ಟಿಟಿ (ಟೂರಿಸ್ಟ್ ಟ್ರೋಫಿ) ರೇಸಿನಲ್ಲಿ ಅವನ ಗೆಲುವು ಆರು, ಏಳಲ್ಲ. 1949ರ ಕ್ಲಬ್‌ಮನ್ಸ್ ಟಿಟಿ ಆ ಲೆಕ್ಕಕ್ಕೆ ಸೇರುತ್ತದೆ. ಅದೇ ವರ್ಷದ ಸೀನಿಯರ್ ಮ್ಯಾಂಕ್ಸ್ ಗ್ರ್ಯಾನ್ ಪ್ರಿ ಅದೇ ಹಾದಿಯಲ್ಲಿ ನಡೆದರೂ ಬೇರೆ ಪಂದ್ಯ. ಇನ್ನು, ಅಲ್ಲಿ ಗಂಟೆಗೆ 100 ಮೈಲಿ ಸರಾಸರಿಯ ಮೊದಲ ಸುತ್ತು ಅವನದಲ್ಲ. 1955ರಲ್ಲಿ ಹಾಗೆಂದು ಘೋಷಿಸಿ, ಆಮೇಲೆ 99.97 ಎಂದು ತಿದ್ದಿದರು. ಇಪ್ಪತ್ತೆರಡು ನಿಮಿಷ ಮೀರಿದ ಸುತ್ತಿನಲ್ಲಿ ವ್ಯತ್ಯಾಸ ಒಂದು ಸೆಕೆಂಡೂ ಇಲ್ಲ! ಆ ಗಡಿ ದಾಟಿದವನು ಬಾಬ್ ಮೆಕಿಂಟೈರ್, 1957ರಲ್ಲಿ, ಅದೂ ಜಿಲೆರಾ ಮೇಲೆಯೇ.

1956ರ ಸೋಲಿಗೆ ‘ವಯಸ್ಸಾಯಿತು’ ಎಂಬ ಕಾರಣ ಕೊಟ್ಟಿದ್ದೀರಿ. ಆಗ ಅವನಿಗೆ 33. ಹಿಂದಿನ ವರ್ಷ ಹಾಲೆಂಡಿನ ಅಸೆನ್‌ನಲ್ಲಿ, ಸ್ವಂತ ಖರ್ಚಿನಲ್ಲಿ ಬರುವ ಸವಾರರು ಹೆಚ್ಚಿನ ಆರಂಭಧನ (ರೇಸಿಗೆ ಇಳಿದುದಕ್ಕೇ ಕೊಡುವ ಹಣ) ಕೇಳಿ ಮುಷ್ಕರ ಹೂಡಿದಾಗ ಕಾರ್ಖಾನೆ ತಂಡದ ಡ್ಯೂಕ್ ಅವರ ಪರ ನಿಂತ. ಆರು ತಿಂಗಳ ನಿಷೇಧ ಬಿತ್ತು, ಅರ್ಧ ಋತು ಹೋಯಿತು. ಪ್ರಶಸ್ತಿ ಜಾನ್ ಸರ್ಟೀಸ್ ಪಾಲಾಯಿತು. ಇದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ.

ಒಂದೇ ತುಂಡಿನ ಚರ್ಮದ ಉಡುಪಿನ ಭಾಗ ಚೆನ್ನಾಗಿದೆ, ಮುಟ್ಟಬೇಡಿ. ಗಾಳಿಗೆ ಪಟಪಟಿಸದ ಬಟ್ಟೆ ವೇಗಕ್ಕೆ ಅನುಕೂಲ ಎಂಬ ಒಂದು ಸಾಲು ಮಾತ್ರ ಸೇರಿಸಿ. ಬಾಲ್ಯದ ಎರಡು ಪುಟವನ್ನು ‘ಹುಟ್ಟಿದ್ದು 1923, ಇಂಗ್ಲೆಂಡಿನ ಸೇಂಟ್ ಹೆಲೆನ್ಸ್’ಗೆ ಇಳಿಸಿ, ಗೆಲುವುಗಳ ಪಟ್ಟಿಯನ್ನು ಬೇರೆ ಚೌಕದಲ್ಲಿ ಹಾಕಿ. ಒಟ್ಟು 1,200 ಪದ ಮೀರದಿರಲಿ.