ಬೇಕಲದ ಕಡೆ ಮನೆ ಜಾಹೀರಾತಿಗೆ ಬರುವ ಮೊದಲೇ ಹುಡುಕುವುದು

ಕಾಸರಗೋಡು ಜಿಲ್ಲೆಯ ಬೇಕಲ, ಹೊಸದುರ್ಗದ ಒಳ್ಳೆಯ ಬಂಗಲೆಗಳು ನೀವು ಜಾಹೀರಾತು ನೋಡುವಷ್ಟರಲ್ಲಿ ಮಾರಾಟವಾಗಿರಲು ಬಹುಶಃ ಕಾರಣ ಇದು: ಹಲವು ಮಾಲಕರು ಗಲ್ಫ್‌ನಲ್ಲಿದ್ದಾರೆ, ಮಾರುವ ಸುದ್ದಿ ಊರಿಗೆಲ್ಲ ಹರಡುವುದು ಅವರಿಗೆ ಬೇಡ. ಮೊದಲು ಆಧಾರ (ಕ್ರಯಪತ್ರ) ಬರೆಯುವವರನ್ನು, ಮನೆ ನೋಡಿಕೊಳ್ಳುವವರನ್ನು ನೇರವಾಗಿ ಕಾಣಿ. ಬಜೆಟ್, ಎಷ್ಟು ಸೆಂಟ್ಸ್ ಜಾಗ ಬೇಕು, ಹಣ ಸಿದ್ಧವಿದೆಯಾ ಎಲ್ಲ ಹೇಳಿಬಿಡಿ. ಸುಮ್ನೆ ವಿಚಾರಿಸಿದವರಿಗೆ ಯಾರೂ ಕರೆ ಮಾಡುವುದಿಲ್ಲ.

ಮುಂಗಡ ಕೊಡುವ ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ (ಆಸ್ತಿ ಮೇಲೆ ಸಾಲ, ಅಡವು ಇದೆಯಾ ಎಂದು ತೋರಿಸುವ ಇ.ಸಿ.), ವಿಲೇಜ್ ಆಫೀಸಿನ ತೆರಿಗೆ ರಶೀದಿ ನೋಡಿ. ಮಾಲಕರ ಪರವಾಗಿ ಬೇರೆಯವರು ಮುಕ್ತ್ಯಾರಿ (ಪವರ್ ಆಫ್ ಅಟಾರ್ನಿ) ಮೇಲೆ ಮಾರುತ್ತಿದ್ದರೆ ಮಾಲಕರ ಜೊತೆ ವಿಡಿಯೊದಲ್ಲಿ ಮಾತಾಡಲೇಬೇಕು, ಇದನ್ನು ಮಾತ್ರ ಬಿಡಬೇಡಿ. ಮಾಲಕರು ಅನಿವಾಸಿಯಾದರೆ ನೀವು ಹಿಡಿಯಬೇಕಾದ ಟಿಡಿಎಸ್ (ಅವರಿಗೆ ಕೊಡುವ ಹಣದಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಶೇ. 1 ಅಲ್ಲ, ಅದಕ್ಕಿಂತ ತುಂಬಾ ಜಾಸ್ತಿ. ಬೆಲೆ ಮಾತಾಡುವ ಮೊದಲೇ ಆಡಿಟರ್ ಹತ್ತಿರ ಲೆಕ್ಕ ಹಾಕಿಸಿ. ಸಮುದ್ರದ ಪಕ್ಕವಾದರೆ ಕರಾವಳಿ ನಿಯಂತ್ರಣ ವಲಯದ ಅನುಮತಿಯನ್ನೂ ಕೇಳಿ.